ಜೋಡಿಯಲ್ಲದ ಜೋಡು

"ಯಾವ ಕಂಪನಿಯವರು ಕರೆದಿದ್ದಾರೆ? ಅದನ್ನ ಹೇಳು ಮೊದಲು," ಎಂದರು ಮ್ಯಾನೇಜರು. ತುಟಿಯವರೆಗೆ ಬಂದಿದ್ದ ಕಾಫಿಯ ಲೋಟ ಅಲ್ಲೇ ನಿಂತಿತ್ತು.

"ಯಾವ ಕಂಪನಿಯವರೂ ಇಲ್ಲ ಸಾರ್. ನಂದೇ ಒಂದು ಅಂಗಡಿ ಹಾಕ್ತೀನಿ."

"ಏನಂಗಡಿ?"

"ಬೂಟು, ಚಪ್ಪಲಿ."

ಮ್ಯಾನೇಜರು ಕಿಟಕಿಯ ಕಡೆ ಕೈ ತೋರಿಸಿದರು. ಗಾಜಿನಾಚೆ ಇಡೀ ಕಾರ್ಖಾನೆ ಗಡಗಡ ಎನ್ನುತ್ತಿತ್ತು. "ಅಲ್ಲಿ ನೋಡು. ದಿನಕ್ಕೆ ಸಾವಿರಾರು ಜೋಡಿ ಹೊರಗೆ ಬೀಳ್ತಾ ಇದೆ. ಊರಲ್ಲಿ ಬೀದಿಗೊಂದು ಶೋರೂಮಿದೆ. ಅದೆಲ್ಲ ಬಿಟ್ಟು ನಿನ್ನ ಹತ್ರ ಯಾರಮ್ಮ ಬರ್ತಾರೆ?"

"ಇಲ್ಲಿಯ ಜೋಡಿ ಯಾರ ಕಾಲಿಗೆ ಸರಿಹೋಗಲ್ವೋ ಅವರು ಬರ್ತಾರೆ ಸಾರ್. ನಾನು ಮಾಡೋದು ಜೋಡಿಯಲ್ಲದ ಜೋಡು."

ಮ್ಯಾನೇಜರು ನಗತೊಡಗಿದರು. ಮೀಸೆಯಡಿ ಸಣ್ಣಗೆ ಶುರುವಾದ ನಗು ಹೊಟ್ಟೆಗಿಳಿದು, ಲೋಟ ಅಲುಗಿ, ಕಾಫಿ ಅಂಗಿಯ ಮೇಲೆ ಚೆಲ್ಲಿತು. ಅವಳ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ಮುಖ ಗಂಟಿಕ್ಕಿಕೊಂಡು ಎದ್ದು ಬರುತ್ತಿದ್ದರೇನೋ. ಆದರೆ ಮನುಷ್ಯ ಒಳ್ಳೆಯವರು, ನಗುವಿನಲ್ಲಿ ಕೊಂಕಿರಲಿಲ್ಲ. ಅವಳಿಗೂ ತಡೆಯಲಾಗದೆ ನಗು ಬಂತು. ಜೋಡಿ ವಿಭಾಗದವಳೇ ಜೋಡಿಯಲ್ಲದ ಜೋಡಿನ ಅಂಗಡಿ ಹಾಕುತ್ತೇನೆಂದರೆ ಯಾರಿಗಾದರೂ ನಗು ಬರಬೇಕಾದ್ದೇ.

ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವಳು ಜೋಡಿಯಕ್ಕ. ಎಡದ ಬೂಟು ಒಂದು ಬೆಲ್ಟಿನ ಮೇಲೆ, ಬಲದ್ದು ಇನ್ನೊಂದರ ಮೇಲೆ ಬಂದು ಅವಳ ಮೇಜಿನ ಮುಂದೆ ಸೇರುತ್ತಿದ್ದವು. ಉದ್ದ, ಬಣ್ಣ, ಹೊಲಿಗೆ, ಹಿಮ್ಮಡಿಯ ಎತ್ತರ ಎಲ್ಲವೂ ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ನೋಡಿ ಡಬ್ಬಕ್ಕೆ ಹಾಕುವುದು, ತಾಳೆಯಾಗದ್ದನ್ನು ಹಿಂದಿನ ತೊಟ್ಟಿಗೆ ಎಸೆಯುವುದು, ಇಷ್ಟೇ ಅವಳ ಕೆಲಸ. ಹದಿನೆಂಟು ವರ್ಷ ಅದನ್ನೇ ಮಾಡಿ ಮಾಡಿ ಕಣ್ಣು ಎಂಥದಾಗಿತ್ತೆಂದರೆ, ಮನೆಯ ಗೋಡೆಯ ಮೇಲಿನ ಎರಡು ಪಟಗಳಲ್ಲಿ ಒಂದು ಕೂದಲೆಳೆಯಷ್ಟು ವಾಲಿದ್ದರೂ ಊಟದ ನಡುವೆ ಎದ್ದು ಸರಿಮಾಡುವಳು. ಅವಳ ಕಾಟ ತಾಳಲಾರದೆ ಗಂಡ ಮೀಸೆ ಬಿಡುವ ಆಸೆಯನ್ನೇ ಕೈಬಿಟ್ಟಿದ್ದ.

"ತಮಾಷೆ ಸಾಕು," ಮ್ಯಾನೇಜರು ಅಂಗಿ ಒರೆಸಿಕೊಂಡರು. "ಮುಂದಿನ ತಿಂಗಳಿಂದ ನಿಮ್ಮ ವಿಭಾಗಕ್ಕೆ ನೀನೇ ಮುಖ್ಯಸ್ಥೆ ಅಂತ ನಾನಾಗಲೇ ಮೇಲಿನವರಿಗೆ ಹೇಳಿಬಿಟ್ಟಿದ್ದೀನಿ. ಗಾಜಿನ ರೂಮು, ನಿನಗೇ ಅಂತ ಒಂದು ಫ್ಯಾನು, ಮೆತ್ತನೆ ಕುರ್ಚಿ. ಇಷ್ಟು ವರ್ಷ ನಿಂತು ಮಾಡಿದ್ದೀಯ, ಇನ್ನು ಕೂತು ಮಾಡು."

ಆ ಮಾತನ್ನು ಅವಳಿಗಿಂತ ಮೊದಲು ಅವಳ ಮೊಣಕಾಲುಗಳು ಕೇಳಿಸಿಕೊಂಡವು. ಅವಳು ಬಗ್ಗಿ ಅವನ್ನು ಒಮ್ಮೆ ನೀವಿಕೊಂಡಳು. ಆಮೇಲೆ, "ಮನಸ್ಸು ಆ ಕಡೆ ಹೋಗಿಬಿಟ್ಟಿದೆ ಸಾರ್," ಎಂದಳು.

"ಹೋಗು ಹಾಗಾದ್ರೆ. ಆದರೆ ಆ ಕುರ್ಚಿಗೆ ಎರಡು ತಿಂಗಳು ಯಾರನ್ನೂ ಕೂರಿಸಲ್ಲ ನಾನು. ನಾಚಿಕೆ ಪಟ್ಕೊಬೇಡ, ವಾಪಸ್ ಬಂದುಬಿಡು."

ಮನಸ್ಸು ಆ ಕಡೆ ಹೋದದ್ದು ನಾದಿನಿಯ ದೆಸೆಯಿಂದ. ನಾದಿನಿ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಚಿಕ್ಕಂದಿನ ಕಾಯಿಲೆಯೊಂದರಲ್ಲಿ ಅವಳ ಎಡಪಾದ ಬೆಳೆಯುವುದನ್ನು ಅರ್ಧಕ್ಕೇ ನಿಲ್ಲಿಸಿತ್ತು. ಹೀಗಾಗಿ ಪ್ರತಿ ಸಲವೂ ಎರಡು ಜೊತೆ ಕೊಂಡು, ಎಡಕ್ಕೆ ಚಿಕ್ಕದು, ಬಲಕ್ಕೆ ದೊಡ್ಡದು ಹಾಕಿಕೊಳ್ಳುವಳು. ಮಿಕ್ಕವು ಅಟ್ಟದ ಮೇಲಿನ ಚೀಲಕ್ಕೆ. ಜೋಡಿಯಕ್ಕ ಮದುವೆಯಾಗಿ ಬಂದ ಹೊಸತರಲ್ಲಿ ಆ ಚೀಲ ಬಿಚ್ಚಿ ನೋಡಿ ಬೆಚ್ಚಿಬಿದ್ದಿದ್ದಳು. ನಾದಿನಿ ನಕ್ಕು, "ನನ್ನ ಉಲ್ಟಾ ಕಾಲಿನೋಳು ಒಬ್ಬಳು ಪ್ರಪಂಚದಲ್ಲಿ ಎಲ್ಲೋ ಇರಬೇಕು ಅತ್ತಿಗೆ. ಸಿಕ್ಕರೆ ಇಡೀ ಚೀಲ ಅವಳಿಗೇ," ಎಂದಿದ್ದಳು. ಆದರೂ ಅಂಗಡಿಯ ಬೂಟು ಆ ಸಣ್ಣ ಕಾಲನ್ನು ಹಿಡಿದು ನಿಲ್ಲಿಸುತ್ತಿರಲಿಲ್ಲ. ನಾದಿನಿ ಬರುತ್ತಿದ್ದಾಳೆಂಬುದು ಬೀದಿಯ ತುದಿಯಿಂದಲೇ ಗೊತ್ತಾಗುತ್ತಿತ್ತು. ಟಕ್ ಎಂದು ಒಂದು ಹೆಜ್ಜೆ, ಸರ್ರ್ ಎಂದು ಇನ್ನೊಂದು.

ಕಾರ್ಖಾನೆಯಲ್ಲಿ ಅಚ್ಚಿನ ಅಜ್ಜ ಅಂತ ಒಬ್ಬರಿದ್ದರು. ಅಚ್ಚು ಎಂದರೆ ಮರದಲ್ಲಿ ಕೆತ್ತಿದ ಕಾಲು, ಅದರ ಮೇಲೆ ಚರ್ಮ ಎಳೆದು ಕಟ್ಟಿದರೇ ಬೂಟು. ಮಧ್ಯಾಹ್ನದ ಬಿಡುವಿನಲ್ಲಿ ಅವಳು ಡಬ್ಬಿಯ ಊಟವನ್ನು ಗಬಗಬನೆ ಮುಗಿಸಿ ಅಜ್ಜನ ಪಕ್ಕ ಹೋಗಿ ಕೂರುತ್ತಿದ್ದಳು. ಅಜ್ಜ ನಿವೃತ್ತರಾಗುವ ಹೊತ್ತಿಗೆ ಅವಳ ಕೈಗೆ ಉಳಿ ಒಗ್ಗಿತ್ತು. ಮನೆಯ ಹಿತ್ತಲಲ್ಲಿ ಒಂದಷ್ಟು ಭಾನುವಾರ ಕೂತು ನಾದಿನಿಯ ಎರಡು ಕಾಲಿಗೂ ಬೇರೆಬೇರೆ ಅಚ್ಚು ಕೆತ್ತಿದಳು. ಕೆಡಿಸಿದಳು, ಮತ್ತೆ ಕೆತ್ತಿದಳು. ಎಡದ್ದರ ಒಳಗೆ ಸಣ್ಣ ಕಾಲಿಗೆ ಆಸರೆಯಾಗುವಂತೆ ಮೆತ್ತೆ ಕೊಟ್ಟು, ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ ಎನ್ನಿಸುವಂತೆ ಬೂಟು ಹೊಲಿದಳು.

ಅದನ್ನು ಹಾಕಿಕೊಂಡು ನಾದಿನಿ ಹಿತ್ತಲಿಂದ ನಡುಮನೆಗೆ ಬಂದಾಗ ಮಾವ ಪೇಪರು ಓದುತ್ತಿದ್ದರು. ತಲೆ ಎತ್ತದೆಯೇ, "ಯಾರಮ್ಮ ಅದು ಒಳಗೆ ಬಂದಿದ್ದು?" ಎಂದರು.

"ನಾನೇ ಅಪ್ಪ."

ಪೇಪರು ಮೆಲ್ಲಗೆ ಕೆಳಗಿಳಿಯಿತು. ನಾದಿನಿ ಆ ದಿನ ಕೆಲಸವಿಲ್ಲದಿದ್ದರೂ ಅಡುಗೆಮನೆಯಿಂದ ಜಗಲಿಗೆ, ಜಗಲಿಯಿಂದ ಅಡುಗೆಮನೆಗೆ ಅದೆಷ್ಟು ಸಲ ಓಡಾಡಿದಳೋ.

ಮುಂದೆ ನಾದಿನಿಯ ಸ್ಟಾಫ್‌ರೂಮಿನಿಂದ ಒಬ್ಬರು ಬಂದರು, ಅವರ ಹಿಂದೆ ಅಂಚೆಯವನು ಬಂದ, ಅಂಚೆಯವನ ಬಾಯಿಂದ ಕೇಳಿ ಇನ್ನಿಬ್ಬರು. ಭಾನುವಾರಗಳು ಸಾಲದೆ ಹೋದವು. ಹೀಗಿರುವಾಗ ಒಂದು ದಿನ ಬೆಲ್ಟಿನ ಮೇಲೆ ತಾಳೆಯಾಗದ ಎರಡು ಬೂಟು ಬಂದವು. ತೊಟ್ಟಿಗೆ ಎಸೆಯಲು ಎತ್ತಿದ ಕೈ ಹಾಗೇ ನಿಂತಿತು. ಅವಳಿಗೆ ಕಂಡದ್ದು ತಪ್ಪು ಜೋಡಿಯಲ್ಲ, ಅಂಚೆಯವನ ಎರಡು ಕಾಲು. ಮೇಲ್ವಿಚಾರಕ "ಏನಾಯ್ತು ಜೋಡಿಯಕ್ಕ?" ಎಂದು ಕೂಗುವವರೆಗೆ ಅವಳು ಅದನ್ನು ಹಿಡಿದುಕೊಂಡೇ ನಿಂತಿದ್ದಳು.

ಕೆಲಸ ಬಿಟ್ಟ ಸುದ್ದಿ ಕೇಳಿ ಮಾವ ಸಂಜೆ ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿದರು. ಅವರು ಅಳತೆ ಮತ್ತು ತೂಕದ ಇಲಾಖೆಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಅರ್ಧ ಜೀವನ ಒಂದೇ ಕುರ್ಚಿಯಲ್ಲಿ ಕೂತೆ ಎಂಬುದು ಅವರ ಹೆಮ್ಮೆ. "ನೋಡಮ್ಮ," ಎಂದು ಗಂಟಲು ಸರಿಮಾಡಿಕೊಂಡರು. "ಕಾರ್ಖಾನೆಯಲ್ಲಿದ್ದರೆ ನೀನು ಇನ್ಸ್‌ಪೆಕ್ಟರು. ಅದೇ ನಾಳೆ ಬೀದೀಲಿ ಕೂತು ಇನ್ನೊಬ್ಬರ ಕಾಲು ಹಿಡಿದರೆ, ಜನ ನಿನ್ನನ್ನ..."

"ಮುಗಿಸಿ ಅಪ್ಪ," ಎಂದಳು ನಾದಿನಿ. ತನ್ನ ಎರಡು ಕಾಲನ್ನೂ ಅವರ ಮುಂದೆ ಚಾಚಿದಳು. "ಇದನ್ನ ನೋಡ್ಕೊಂಡು ಮುಗಿಸಿ."

ಮಾವ ಮುಗಿಸಲಿಲ್ಲ. ತಲೆನೋವು ಎಂದು ಎದ್ದು ಒಳಗೆ ಹೋದರು.

ಗಂಡ ಶಾಲೆಯ ಬಸ್ಸಿನ ಡ್ರೈವರು. ಎಲ್ಲರೂ ಎದ್ದ ಮೇಲೆ ಅವನು ತಲೆ ಕೆರೆದುಕೊಂಡು, "ನಂಗೂ ಹೆದರಿಕೆ ಆಗುತ್ತೆ ಕಣೇ," ಎಂದ. "ಆದ್ರೆ ದಿನಾ ಬಸ್ ತುಂಬ ಬೇರೆಯವರ ಮಕ್ಕಳನ್ನ ಕೂರಿಸ್ಕೊಂಡು ಹೋಗೋನು ನಾನು. ಹೆದರಿಕೆ ನಂಗೇನು ಹೊಸ ನೆಂಟ ಅಲ್ಲ. ಹಾಕೇಬಿಡು ಅಂಗಡಿ."

ಸಿಕ್ಕಿದ ಜಾಗ ಹಿಂದೆ ಕ್ಷೌರದ ಅಂಗಡಿಯಾಗಿತ್ತು. ಕ್ಷೌರಿಕ ಮಗಳ ಊರಿಗೆ ಹೋಗಿ ನೆಲೆಸಿದ್ದ. ಗೋಡೆಯುದ್ದಕ್ಕೂ ಕನ್ನಡಿ ಉಳಿದಿತ್ತು, ನಡುವೆ ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ ಭಾರೀ ಕುರ್ಚಿಯೂ ಉಳಿದಿತ್ತು. ಕುರ್ಚಿ ಕಿತ್ತರೆ ನೆಲ ಒಡೆಯುತ್ತೆ, ಬೇಡ ಎಂದ ಕಟ್ಟಡದ ಮಾಲೀಕ. ಜೋಡಿಯಕ್ಕ ಅದರ ಪೆಡಲನ್ನು ತುಳಿದು ನೋಡಿದಳು. ಕುರ್ಚಿ ಗಾಂಭೀರ್ಯದಿಂದ ಮೇಲೇರಿತು. ಕೂತವರ ಕಾಲು ಸೀದಾ, ಮಣೆಯ ಮೇಲೆ ಕೂರುವ ಅವಳ ಕಣ್ಣಿನ ಮಟ್ಟಕ್ಕೆ! "ಇದನ್ನ ನೀವು ಕೀಳ್ತೀನಿ ಅಂದ್ರೂ ನಾನು ಬಿಡಲ್ಲ," ಎಂದಳು. ಗಂಡ ರಜೆ ಹಾಕಿ ಸುಣ್ಣ ಬಳಿದ. ನಾದಿನಿ ಸ್ಕೇಲು ಹಿಡಿದು ಬೋರ್ಡು ಬರೆದಳು: "ನಿಮ್ಮ ಎರಡು ಕಾಲೂ ಒಂದೇ ಅಲ್ಲ. ಒಳಗೆ ಬನ್ನಿ."

ಗಂಡ ದೂರ ನಿಂತು ಓದಿ, "ಇದು ಕರೆಯೋದೋ, ಬೈಯೋದೋ?" ಎಂದ.

ಕರೆದದ್ದಂತೂ ಯಾರಿಗೂ ಕೇಳಿಸಲಿಲ್ಲ. ಭಾನುವಾರದ ಗಿರಾಕಿಗಳಿಗೆಲ್ಲ ಆಗಲೇ ಮಾಡಿಕೊಟ್ಟಾಗಿತ್ತು. ಅವಳು ಹೊಲಿದದ್ದು ಬೇಗ ಹರಿಯುತ್ತಲೂ ಇರಲಿಲ್ಲ, ಅದೇ ತೊಂದರೆ. ಬಂದವರೆಲ್ಲ ತಲೆ ಕೊಡಲು ಬಂದವರೇ. ಹಳೆಯ ಅಭ್ಯಾಸಬಲದಿಂದ ಒಳಗೆ ನುಗ್ಗಿ, ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಸುತ್ತ ನೇತುಬಿದ್ದ ಮರದ ಕಾಲುಗಳನ್ನು ಕಂಡು ದಂಗಾಗಿ ಹಿಂದಕ್ಕೆ ಹೋಗುವರು. ಮನೆಯಲ್ಲಿ ಫ್ಯಾನು ತುಂಬ ಸದ್ದು ಮಾಡುತ್ತೆ ಎಂಬ ನೆಪ ತೆಗೆದು ಮಾವ ದಿನವೂ ಪೇಪರಿನ ಜೊತೆ ಅಂಗಡಿಗೆ ಬರತೊಡಗಿದರು. ಹೊರಗಿನ ಬೆಂಚಿನ ಮೇಲೆ ಕೂತು, "ಕಟಿಂಗ್ ಇಲ್ಲಪ್ಪ, ಮುಂದಿನ ಬೀದಿ," ಎಂದು ಜನರನ್ನು ಸಾಗಹಾಕುವರು. ರಾತ್ರಿ ಊಟಕ್ಕೆ ಕೂತಾಗ, "ಇವತ್ತೂ ಬರೀ ತಲೆಗಳೇ. ಒಂದು ಕಾಲೂ ಬರಲಿಲ್ಲ," ಎಂದು ವರದಿ ಒಪ್ಪಿಸುವರು. ಆ ದನಿಯಲ್ಲಿ ಸ್ವಲ್ಪ ಗೆಲುವು, ಸ್ವಲ್ಪ ಮರುಕ ಎರಡೂ ಇದ್ದವು.

ಜೋಡಿಯಕ್ಕ ಉಳಿ ಮಸೆದಳು, ಮಸೆದದ್ದನ್ನೇ ಮತ್ತೆ ಮಸೆದಳು. ಕನ್ನಡಿ ಒರೆಸಿದಳು. ಕನ್ನಡಿಯಲ್ಲಿ ಕಾಣುವ ಹೆಂಗಸಿಗೆ ಕೆಲಸವಿಲ್ಲ ಎಂಬುದು ದಿನದಿನಕ್ಕೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತಿತ್ತು.

ಎರಡನೆಯ ತಿಂಗಳು ಮುಗಿಯುತ್ತ ಬಂದಿದ್ದ ಒಂದು ಬೆಳಿಗ್ಗೆ ಏನೋ ಯೋಚನೆ ಮಾಡುತ್ತ ಮನೆಯಿಂದ ಹೊರಟವಳು ತಲೆ ಎತ್ತಿ ನೋಡುತ್ತಾಳೆ, ಕಾರ್ಖಾನೆಯ ಗೇಟಿನ ಎದುರು ನಿಂತಿದ್ದಾಳೆ! ಕಾಲುಗಳು ಅವಳನ್ನು ಕೇಳದೆ ಹಳೆಯ ದಾರಿ ಹಿಡಿದಿದ್ದವು. ಸೈರನ್ನು ಕೂಗಿತು. "ಬಾ ಜೋಡಿಯಕ್ಕ, ಹೊತ್ತಾಯ್ತು," ಎಂದ ಗೇಟಿನವನು, ಅವಳು ರಜೆ ಮುಗಿಸಿ ಬಂದಿದ್ದಾಳೇನೋ ಎಂಬಂತೆ. ಹೋಗಿಬಿಡಬಹುದಿತ್ತು. ಗಾಜಿನ ರೂಮು ಖಾಲಿ ಇತ್ತು. ಮ್ಯಾನೇಜರು ಕಾಫಿ ಚೆಲ್ಲಿಕೊಂಡು ನಗುವರು, ಅವಳೂ ನಗುವಳು, ಅಷ್ಟಕ್ಕೆ ಮುಗಿಯುವುದು.

ಬೆಳಗಿನ ಪಾಳಿಯವರು ಅವಳ ಪಕ್ಕದಿಂದಲೇ ಗುಂಪುಗುಂಪಾಗಿ ಒಳಗೆ ಹೋಗುತ್ತಿದ್ದರು. ಅಭ್ಯಾಸದಂತೆ ಅವಳ ಕಣ್ಣು ಕೆಳಗಿಳಿಯಿತು. ಒಬ್ಬನ ಬಲಪಾದ ಹೊರಕ್ಕೆ ತಿರುಗಿತ್ತು. ಒಬ್ಬಳು ಎಡದ ಚಪ್ಪಲಿಯ ಹಿಂಭಾಗವನ್ನು ಮೆಟ್ಟಿ ಎಳೆದುಕೊಂಡು ಹೋಗುತ್ತಿದ್ದಳು. ಪ್ಯಾಕಿಂಗಿನ ದಢೂತಿಯವನು ಒಂದೇ ಬೂಟಿನೊಳಗೆ ಕಾಗದ ತುರುಕಿಕೊಂಡಿದ್ದ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಇವರ ಜೊತೆಯೇ ಇದೇ ಗೇಟಿನಲ್ಲಿ ನುಗ್ಗಿದ್ದಾಳೆ. ಬೆಲ್ಟಿನ ಮೇಲಿನ ಬೂಟುಗಳನ್ನು ನೋಡಿದ್ದಳೇ ಹೊರತು ಈ ಕಾಲುಗಳನ್ನು ನೋಡಿರಲೇ ಇಲ್ಲ. ಕೊನೆಯವನು ಓಡಿ ಒಳಗೆ ಸೇರಿ ಗೇಟು ಹಾಕಿಕೊಳ್ಳುವವರೆಗೂ ನೋಡುತ್ತ ನಿಂತಳು. ಆಮೇಲೆ ಗೇಟಿನವನಿಗೆ ಕೈಬೀಸಿ, ಸರಸರ ವಾಪಸು ನಡೆದಳು. ಯಾಕೋ ಅವಳಿಗೆ ಹಸಿವಾಗುತ್ತಿತ್ತು, ಹಾಡು ಹೇಳಬೇಕೆನಿಸುತ್ತಿತ್ತು.

ಅಂಗಡಿಯ ಬಾಗಿಲು ಆಗಲೇ ತೆರೆದಿತ್ತು. ಮಾವ ಹೊಸ್ತಿಲಲ್ಲಿ ನಿಂತು ತುಟಿಯ ಮೇಲೆ ಬೆರಳಿಟ್ಟು "ಶ್!" ಎಂದರು.

"ಏನು ಮಾವ? ನೀವು ಬಾಗಿಲು ತೆಗೆದ್ರಾ?"

"ನೀನು ಬರಲಿಲ್ಲ. ಹೊತ್ತಿಗೆ ಸರಿಯಾಗಿ ತೆಗೀದಿದ್ರೆ ಅದೊಂದು ಅಂಗಡೀನಾ?" ಎಂದು ಪಿಸುಗುಟ್ಟಿದರು. "ಅಲ್ಲಿ ನೋಡು. ಕಟಿಂಗಿಗೆ ಬಂದ. ಇಲ್ಲಪ್ಪ ಅನ್ನೋಷ್ಟರಲ್ಲಿ ಕೂತ. ಕೂತ ಅನ್ನೋಷ್ಟರಲ್ಲಿ ಗೊರಕೆ."

"ಎಬ್ಬಿಸಬಾರದಿತ್ತಾ?"

"ಎಬ್ಬಿಸಿದೆ. 'ಹಿಂದೆ ಚಿಕ್ಕದು, ಮುಂದೆ ಹಾಗೇ ಬಿಡಿ' ಅಂದು ಮತ್ತೆ ಮಲಗಿದ."

ಕುರ್ಚಿಯಲ್ಲಿ ಒರಗಿದ್ದವನು ಬಿಳಿ ಅಂಗಿ, ಕಪ್ಪು ಪ್ಯಾಂಟಿನ ಮಧ್ಯವಯಸ್ಕ. ಹೋಟೆಲಿನ ಸರ್ವರ್ ಎಂದು ಹೆಗಲ ಮೇಲಿನ ಬಟ್ಟೆಯೇ ಹೇಳುತ್ತಿತ್ತು. ಎರಡು ಕಾಲೂ ನೀಳವಾಗಿ ಮುಂದೆ ಚಾಚಿದ್ದವು. ಜೋಡಿಯಕ್ಕ ಅವನ ಮುಖ ನೋಡಲೇ ಇಲ್ಲ. ಬೂಟಿನ ಅಟ್ಟೆಗಳೆರಡೂ ಅಕ್ಕಪಕ್ಕ ಅವಳ ಎದುರಿಗಿದ್ದವು, ಬೆಲ್ಟಿನ ಮೇಲೆ ಬಂದು ನಿಂತ ಹಾಗೆ. ತಾಳೆಯಾಗುತ್ತಿರಲಿಲ್ಲ. ಬಲದ್ದು ಅರ್ಧ ಬೆರಳಿನಷ್ಟು ಹಿಂದೆ ಇತ್ತು. ಪ್ಯಾಂಟಿನ ಬಲಗಾಲಿನ ಅಂಚು ಮಾತ್ರ ನೆಲಕ್ಕೆ ಉಜ್ಜಿ ಉಜ್ಜಿ ನೂಲುನೂಲಾಗಿತ್ತು. ಅವಳು ಸದ್ದಿಲ್ಲದೆ ಪೆಡಲು ತುಳಿದು ಕುರ್ಚಿ ಏರಿಸಿದಳು. ಟೇಪು ಹುಡುಕಲು ಕೈಚಾಚಿದರೆ ಮಾವ ಆಗಲೇ ಅದನ್ನು ಬಿಚ್ಚಿ ಹಿಡಿದಿದ್ದರು. "ಸೊಂಟದಿಂದ ಹಿಡಿಯಮ್ಮ, ಮೊಣಕಾಲಿಂದ ಅಲ್ಲ," ಎಂದು ಕಿವಿಯಲ್ಲಿ ಹೇಳಿದರು. ಅಳತೆಯ ವಿಷಯ ಬಂದಾಗ ಅವರಿಗೆ ಸುಮ್ಮನಿರಲು ಆಗುತ್ತಿರಲಿಲ್ಲ.

ಟೇಪಿನ ಕಚಗುಳಿಗೆ ಅವನು ಎಚ್ಚರಗೊಂಡ. ಕನ್ನಡಿ ನೋಡಿಕೊಂಡು ತಲೆ ಸವರಿದ. "ಏನಕ್ಕ, ಎಷ್ಟು ತೆಗೆದ್ರಿ? ಗೊತ್ತೇ ಆಗ್ತಿಲ್ಲ."

"ತಲೆ ಮುಟ್ಟಿಲ್ಲಪ್ಪ. ಕಾಲು ನೋಡಿದೆ. ನಿನ್ನ ಬಲಗಾಲು ಸ್ವಲ್ಪ ಗಿಡ್ಡ."

"ಹೋಗಿ ಅಕ್ಕ! ನಂದಾ? ಅದು ನನ್ನ ಟೈಲರ್ ಮಾಡೋ ಕಿತಾಪತಿ," ಎಂದವನೇ ಅವನು ನೆಟ್ಟಗೆ ಕೂತು ಕತೆ ಶುರುಮಾಡಿದ. ಟೈಲರು ಅವನ ಮನೆಯ ಕೆಳಗಿನ ಮಹಡಿಯವನು. ಪ್ರತಿ ಪ್ಯಾಂಟಿನಲ್ಲೂ ಬಲಗಾಲನ್ನು ಉದ್ದ ಹೊಲಿಯುತ್ತಾನೆ. ಕೇಳಿದರೆ ಮೇಜಿನ ಮೇಲೆ ಹಾಸಿ, ಎರಡೂ ಒಂದೇ ಇದೆ ನೋಡು ಎಂದು ತೋರಿಸುತ್ತಾನೆ. ಮೇಜಿನ ಮೇಲೆ ಒಂದೇ ಇರುತ್ತದೆ, ಹಾಕಿಕೊಂಡರೆ ನೆಲ ಗುಡಿಸುತ್ತದೆ. ಯಾವ ಮಂತ್ರ ಹಾಕುತ್ತಾನೋ! ಇದೇ ಜಗಳದಲ್ಲಿ ಅವರಿಬ್ಬರೂ ವರ್ಷಗಳಿಂದ ಸರಿಯಾಗಿ ಮಾತಾಡಿಲ್ಲ. "ಅದು ಸಾಲದು ಅಂತ ನಮ್ಮ ಹೋಟೆಲಿನ ನೆಲಾನೂ ಓರೆ ಅಕ್ಕ. ಸೂಪು ತಗೊಂಡು ಹೋದ್ರೆ ಯಾವಾಗಲೂ ಬಲಗಡೆಗೇ ಚೆಲ್ಲುತ್ತೆ. ಸಂಜೆ ಹೊತ್ತಿಗೆ ಸೊಂಟ ಅನ್ನೋದು ನಂದಲ್ಲ."

ಜೋಡಿಯಕ್ಕ ಮಾವನ ಮುಖ ನೋಡಿದಳು. ಮಾವ ಕನ್ನಡಕ ತೆಗೆದು ಒರೆಸುವ ನೆಪದಲ್ಲಿ ಗೋಡೆಯ ಕಡೆ ತಿರುಗಿದರು. ಅವರ ಬೆನ್ನು ಕುಲುಕುತ್ತಿತ್ತು.

"ನಿನ್ನ ಕಾಲಿಗೆ ಬೂಟು ಮಾಡಿಕೊಡ್ತೀನಿ. ಸರಿಹೋಗದಿದ್ರೆ ಬಿಟ್ಟು ಹೋಗು, ಏನೂ ಕೊಡಬೇಡ," ಎಂದಳು.

ಮಧ್ಯಾಹ್ನ ಅವಳು ಮ್ಯಾನೇಜರಿಗೆ ಫೋನು ಮಾಡಿದಳು. "ಆ ಕುರ್ಚಿಗೆ ಯಾರನ್ನಾದ್ರೂ ಕೂರಿಸಿಬಿಡಿ ಸಾರ್."

"ಓಹೋ! ಅಷ್ಟು ವ್ಯಾಪಾರಾನಾ?"

"ಒಬ್ಬ ಬಂದಿದ್ದಾನೆ ಸಾರ್. ಅದೂ ನಿದ್ದೆ ಮಾಡೋಕೆ."

ಆ ಕಡೆಯಿಂದ ಲೋಟ ಉರುಳಿದ ಸದ್ದು ಕೇಳಿಸಿತು.

ಬಲಗಾಲಿನ ಅಟ್ಟೆಯೊಳಗೆ ಹಗುರವಾದ ಕಾರ್ಕಿನ ಪದರ ಕೊಟ್ಟು, ಅದು ಹೊರಗೆ ಕಾಣದಂತೆ ಅಂಚಿಗೆ ಚರ್ಮ ಸುತ್ತಿ, ಎಡದ ಬೂಟಿನ ಅಂಚನ್ನೂ ಅದೇ ಆಕಾರಕ್ಕೆ ತಂದಳು. ಮಾವ ಪೇಪರು ಓದುವುದನ್ನು ಮರೆತು ಪಕ್ಕದಲ್ಲೇ ಕೂತು, ಬೇಕಾದ್ದಕ್ಕೂ ಬೇಡವಾದ್ದಕ್ಕೂ ಅಳತೆ ಹಿಡಿದರು. ಗಂಡ ಬಸ್ಸು ಬಿಟ್ಟು ಬರುವಾಗಲೆಲ್ಲ ಇಣುಕಿ, "ಏಳಲಿಲ್ವಾ ನಿಮ್ಮ ಗಿರಾಕಿ?" ಎಂದು ಕೇಳಿ ಹೋಗುತ್ತಿದ್ದ.

ಹೇಳಿದ ದಿನ ಬಂದ ಸರ್ವರ್ ಹೊಸ ಬೂಟು ಹಾಕಿಕೊಂಡು ಎದ್ದು ನಿಂತ. ಒಂದು ಹೆಜ್ಜೆ ಇಟ್ಟ, ನಿಂತ. ಇನ್ನೊಂದು ಇಟ್ಟ. ಕೆಳಗೆ ಬಗ್ಗಿ ನೋಡಿದ.

"ನೆಲ ಸರಿ ಮಾಡಿಸಿದ್ರಾ ಅಕ್ಕ?"

"ಇಲ್ವಲ್ಲ. ಹಳೇ ನೆಲಾನೇ."

ಅವನು ಕನ್ನಡಿಯ ಉದ್ದಕ್ಕೂ ನಡೆದ. ಸೊಂಟದ ಮೇಲೆ ಕೈಯಿಟ್ಟುಕೊಂಡು ಏನನ್ನೋ ಹುಡುಕುವವನಂತೆ ಮುಟ್ಟಿ ನೋಡಿಕೊಂಡ. ಬಾಗಿಲವರೆಗೆ ಹೋಗಿ, ಇಲ್ಲದ ತಟ್ಟೆಯೊಂದನ್ನು ಅಂಗೈ ಮೇಲೆ ಹೊತ್ತು ತಿರುಗಿ ಬಂದ. ಆಮೇಲೆ ಅವನ ಕಣ್ಣು ಪ್ಯಾಂಟಿನ ಅಂಚಿನ ಮೇಲೆ ಬಿತ್ತು. ಎರಡೂ ಅಂಚು ಬೂಟಿನ ಮೇಲೆ ಒಂದೇ ಮಟ್ಟದಲ್ಲಿ, ಗೆರೆ ಎಳೆದ ಹಾಗೆ ಕೂತಿದ್ದವು. ಮುಖದಲ್ಲಿದ್ದ ನಗು ನಿಧಾನವಾಗಿ ಇಳಿಯಿತು.

"ಅಯ್ಯೋ ಅಕ್ಕ," ಎಂದ. "ಅವನ ಹತ್ರ ಹೋಗಬೇಕಲ್ಲ ಈಗ."

ಹೋದನೋ ಇಲ್ಲವೋ ಎಂದು ಅವಳಿಗೆ ಮಾರನೆಯ ಬೆಳಿಗ್ಗೆವರೆಗೆ ಕುತೂಹಲ. ಅವಳು ಅಂಚೆಯವನ ಹಳೆಯ ಬೂಟಿಗೆ ಹಿಮ್ಮಡಿ ಬಡಿಯಲು, ತುಟಿಗಳ ನಡುವೆ ಸಣ್ಣ ಮೊಳೆಗಳನ್ನು ಕಚ್ಚಿಕೊಂಡು ಕೂತಿದ್ದಳು. ಹೊರಗೆ ಗದ್ದಲ ಕೇಳಿತು. ಕೊರಳಲ್ಲಿ ಟೇಪು ನೇತುಹಾಕಿಕೊಂಡ ತೆಳ್ಳನೆಯ ಮನುಷ್ಯನೊಬ್ಬ ಸರ್ವರನ ರಟ್ಟೆ ಹಿಡಿದು ಎಳೆದುಕೊಂಡು ಬಂದ.

"ಎಲ್ಲಿ ಆ ತಾಯಿ?" ಎಂದ ಟೈಲರು. "ಇಷ್ಟು ವರ್ಷ ಈ ಮನುಷ್ಯ ನನ್ನ ಮಾನ ಕಳೆದಿದ್ದಾನೆ. ಮೆಟ್ಟಿಲ ಮೇಲೆ ಎದುರು ಸಿಕ್ಕರೆ ಪ್ಯಾಂಟು ಎತ್ತಿ ತೋರಿಸ್ತಿದ್ದ. ನಂಗೇ ಅನುಮಾನ ಬಂದುಬಿಟ್ಟಿತ್ತು, ನನ್ನ ಕಣ್ಣೇ ಸರಿಯಿಲ್ವೇನೋ ಅಂತ. ನಿನ್ನೆ ಬಂದು ಬಾಗಿಲಲ್ಲಿ ನಿಂತು ಏನೂ ಮಾತಾಡಲ್ಲ, ಬರೀ ಕಾಲು ತೋರಿಸ್ತಾನೆ!"

"ತಪ್ಪಾಯ್ತು ಅಂದೆನಲ್ಲ ಮಾರಾಯ," ಎಂದ ಸರ್ವರ್.

"ನೀನು ಸುಮ್ನಿರು. ಇವನೊಬ್ಬನೇ ಅಲ್ಲ ತಾಯಿ, ಇಂಥೋರು ಇನ್ನೂ ಇದ್ದಾರೆ ನಂಗೆ. ಮೂಲೆ ಮನೆ ಡಾಕ್ಟರು, ಆ ಕೊಳಲು ನುಡಿಸೋರು, ಬ್ಯಾಂಕಿನ ಎತ್ತರದ ಮೇಡಂ. ಎಲ್ಲರೂ ನನ್ನ ಕತ್ತರಿಗೇ ಬೈಯೋರು. ಒಬ್ಬೊಬ್ಬರನ್ನೂ ಹಿಡಿದು ಇಲ್ಲಿಗೇ ಕಳಿಸ್ತೀನಿ, ನೋಡ್ತಿರಿ."

"ಒಟ್ಟಿಗೇ ಕಳಿಸಬೇಡಿ," ಎಂದರು ಮಾವ ಬೆಂಚಿನಿಂದ, ಗತ್ತಿನಲ್ಲಿ. "ನಮಗೆ ಪುರುಸೊತ್ತಿರಬೇಕಲ್ಲ."

ಟೈಲರು ಅಷ್ಟಕ್ಕೆ ತೃಪ್ತನಾಗಲಿಲ್ಲ. ಅಂಗಡಿಯೊಳಗೆ ನಿಂತು ನೋಡಿದರೆ ಸಾಲದು, ನಡೆಯುವಾಗ ಅಂಚು ಹೇಗೆ ಬೀಳುತ್ತದೆಂದು ನೋಡಬೇಕು ಎಂದ. ಸರ್ವರನನ್ನು ಬೀದಿಗಿಳಿಸಿ, "ನಡಿ," ಎಂದ. ಅವನು ನಡೆದ. ಟೈಲರು ಸೊಂಟ ಬಗ್ಗಿಸಿ, ಮೂಗು ನೆಲಕ್ಕೆ ತಾಕುವಷ್ಟು ಕೆಳಗಾಗಿ, ಅವನ ಹಿಂದೆ ಹಿಂದೆಯೇ ಹೊರಟ. "ಇನ್ನೂ ಸ್ವಲ್ಪ ಮುಂದೆ ನಡಿ. ಹಾಂ, ಇನ್ನೂ ಸ್ವಲ್ಪ." ತರಕಾರಿಯವಳು ಗಾಡಿ ನಿಲ್ಲಿಸಿ ನೋಡಿದಳು. ಮಹಡಿಯ ಮೇಲಿಂದ ಯಾರೋ ಇಣುಕಿದರು. ಇಬ್ಬರೂ ಯಾರನ್ನೂ ಲೆಕ್ಕಿಸದೆ ಬೀದಿಯುದ್ದಕ್ಕೂ ಹಾಗೇ ಸಾಗಿದರು, ಒಬ್ಬ ಎದೆ ಸೆಟೆಸಿ, ಇನ್ನೊಬ್ಬ ಬಗ್ಗಿ. ತಿರುವಿನ ಹತ್ತಿರ ಟೈಲರು ನೆಟ್ಟಗಾದ. ಟೇಪನ್ನು ಕೊರಳಿಂದ ತೆಗೆದು ಜೇಬಿಗೆ ಹಾಕಿಕೊಂಡು, ಸರ್ವರನ ಹೆಗಲ ಮೇಲೆ ಕೈಯಿಟ್ಟ. ಇಬ್ಬರೂ ಕಾಫಿಯಂಗಡಿಯ ಕಡೆ ತಿರುಗಿ ಮರೆಯಾದರು.

ಬಾಗಿಲಿಗೆ ಬಂದು ನಿಂತಿದ್ದ ಜೋಡಿಯಕ್ಕನಿಗೆ ನಗು ಉಕ್ಕಿ ಬಂತು. ಬಾಯಿ ತುಂಬ ಮೊಳೆ. ಅವಳು ಅಂಗೈ ಒಡ್ಡಿ ಒಂದೊಂದೇ ಮೊಳೆಯನ್ನು ಮೆಲ್ಲಗೆ ಹೊರತೆಗೆದಳು. ಕೊನೆಯದೂ ಬಂದ ಮೇಲೆ ಬಾಗಿಲ ಚೌಕಟ್ಟಿಗೆ ಒರಗಿ, ಬೀದಿಗೆಲ್ಲ ಕೇಳುವ ಹಾಗೆ ನಕ್ಕಳು.